ಮನೆಯಲ್ಲಿ ಓದಿಕೊಳ್ಳಿ ಎಂದ ಪಾಠ



ಈ ಬಾರಿಯ ವಿಷಯವನ್ನು ಕಂಡು ನಮ್ಮ ಬಂಧುಗಳಲ್ಲಿ ಕೆಲವರು ಹುಬ್ಬೇರಿಸಬಹುದು. ಶಾಲೆಯ ನೆನಪು, ಹಬ್ಬಹರಿದಿನಗಳ ನೆನಪು ಎಂದು ಬರೆದುಕೊಂಡಿದ್ದವಳಿಗೆ ಅರವತ್ತಾರನೆಯ ವಯಸ್ಸಿನಲ್ಲಿ ಇದೇಕೆ ಬೇಕಿತ್ತು ಎಂದು ಕೇಳುವವರೂ ಇರಬಹುದು. ಹೆಂಗಸರನ್ನು ಕಾಡುವ ಬಿಳಿಸೆರಗು, ಗುಪ್ತಾಂಗದ ತುರಿಕೆ, ಉರಿ, ದುರ್ವಾಸನೆ ಇವೇ ಇಂದಿನ ವಿಷಯ. ನೆಗಡಿ ಕೆಮ್ಮಿನಷ್ಟೇ ಸಾಮಾನ್ಯವಾದ, ಆದರೆ ನೆಗಡಿಯಂತೆ ಬಾಯಿಬಿಟ್ಟು ಹೇಳಲಾಗದ ತೊಂದರೆ ಇದು. ಈ ಮೌನವು ಕಾಯಿಲೆಗಿಂತ ಹೆಚ್ಚಿನ ಹಾನಿಯನ್ನು ಮಾಡುತ್ತದೆ ಎಂಬುದು ನನ್ನ ಅಭಿಪ್ರಾಯ. ಆ ಮೌನದಲ್ಲಿ ನನ್ನ ಪಾಲೂ ಇದೆಯಾದ್ದರಿಂದ ಬರೆಯಬೇಕಾಗಿದೆ.

2025ರ ದಸರಾ ರಜೆಯ ದಿನಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದಳು. ಕಾಲು ಶತಮಾನದ ಹಿಂದೆ ನನ್ನ ಬಳಿ ಹತ್ತನೆಯ ತರಗತಿ ಓದಿದವಳು. ಈಗ ಎರಡು ಮಕ್ಕಳ ತಾಯಿ. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಊರು, ಹೆಸರು ಬೇಡ. ಕುಶಲಪ್ರಶ್ನೆಗಳೆಲ್ಲ ಮುಗಿದ ಮೇಲೂ ಫೋನು ಇಡದೆ ಸುಮ್ಮನಿದ್ದಳು. "ಏನಮ್ಮಾ, ಏನಾದರೂ ಹೇಳಬೇಕೇ?" ಎಂದು ಕೇಳಿದೆ. ಆಗ ತಡೆತಡೆದು ಎಲ್ಲವನ್ನೂ ಹೇಳಿದಳು. ಎಂಟು ತಿಂಗಳಿಂದ ಬಿಳಿ ಹೋಗುತ್ತಿದೆ, ವಾಸನೆ ಇದೆ, ಔಷಧಿ ಅಂಗಡಿಯವನು ಕೊಟ್ಟ ಟ್ಯೂಬುಗಳನ್ನು ಒಂದಾದ ಮೇಲೊಂದರಂತೆ ಹಚ್ಚಿದ್ದೇನೆ, ನಂಜುನಿರೋಧಕ ದ್ರಾವಣವನ್ನು ನೀರಿಗೆ ಬೆರೆಸಿ ದಿನಕ್ಕೆರಡು ಬಾರಿ ಒಳಗೆಲ್ಲ ತೊಳೆಯುತ್ತಿದ್ದೇನೆ, ಆದರೂ ಹೋಗುತ್ತಿಲ್ಲ ಎಂದಳು. ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಗಂಡ ಬೇರೆ ಮಲಗತೊಡಗಿದ್ದನಂತೆ. "ಇದು ಎಲ್ಲಿಂದ ಬಂತು?" ಎಂದು ಒಮ್ಮೆ ಕೇಳಿಬಿಟ್ಟನಂತೆ.

ನಾನು ವೈದ್ಯೆಯಲ್ಲ, ಜೀವಶಾಸ್ತ್ರ ಓದಿ ಬಿ.ಎಡ್. ಮಾಡಿದ ಮೇಷ್ಟರಮ್ಮ, ಅಷ್ಟೇ. ತಿಳಿದಷ್ಟು ಹೇಳಿ ಸ್ತ್ರೀರೋಗ ತಜ್ಞೆಯ ಬಳಿಗೆ ಹೋಗೆಂದೆ. ಫೋನು ಇಡುವ ಮುನ್ನ ಅವಳು ನಗುತ್ತಲೇ ಒಂದು ಮಾತು ಹೇಳಿದಳು. "ಮೇಡಂ, ದಾಸವಾಳದ ಹೂವಿನ ಭಾಗಗಳನ್ನ ಈಗಲೂ ಬಿಡಿಸಿ ಹೇಳ್ತೀನಿ. ಅಷ್ಟು ಚೆನ್ನಾಗಿ ಮಾಡಿದ್ರಿ. ಅದರ ಮುಂದಿನ ಪಾಠ ಮಾತ್ರ 'ಮನೇಲಿ ಓದ್ಕೊಳ್ಳಿ' ಅಂದಿದ್ರಿ."

ಅಂದು ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ.

ಅವಳು ಹೇಳಿದ್ದು ನಿಜ. ಸಸ್ಯಗಳ ಸಂತಾನೋತ್ಪತ್ತಿಯ ಪಾಠಕ್ಕೆ ನಾನು ಶಾಲೆಯ ಬೇಲಿಯಿಂದ ದಾಸವಾಳದ ಹೂಗಳನ್ನು ಕೊಯ್ದು ತರಿಸುತ್ತಿದ್ದೆ. ಬ್ಲೇಡಿನಿಂದ ಉದ್ದಕ್ಕೆ ಸೀಳಿಸಿ ಶಲಾಕೆ, ಕೇಸರ, ಅಂಡಾಶಯಗಳನ್ನು ಒಂದೊಂದಾಗಿ ತೋರಿಸುತ್ತಿದ್ದೆ. ಮನುಷ್ಯರ ಪಾಠ ಬಂದಾಗ ಮಾತ್ರ ಗಂಟಲು ಕಟ್ಟುತ್ತಿತ್ತು. ಹಿಂದಿನ ಬೆಂಚಿನ ಹುಡುಗರ ಕಿಸಿಕಿಸಿ ನಗು, ತಲೆ ತಗ್ಗಿಸಿ ಕುಳಿತ ಹುಡುಗಿಯರು, ಕಿಟಕಿಯಾಚೆ ಹಾದುಹೋಗುವ ಮುಖ್ಯೋಪಾಧ್ಯಾಯರು... "ಇದು ಪರೀಕ್ಷೆಗೆ ಚಿತ್ರದ ಮಟ್ಟಿಗೆ ಬರುತ್ತದೆ, ಮನೆಯಲ್ಲಿ ಓದಿಕೊಳ್ಳಿ" ಎಂದು ಪುಟ ತಿರುಗಿಸಿಬಿಡುತ್ತಿದ್ದೆ. ಮನೆಯಲ್ಲಿ ಯಾರು ಹೇಳಿಕೊಡುತ್ತಾರೆ ಎಂದು ಒಂದು ದಿನವೂ ಯೋಚಿಸಲಿಲ್ಲ.

ಮನೆಗಳಲ್ಲಿ ಏನು ನಡೆಯುತ್ತಿತ್ತು ಎಂಬುದು ನನಗೆ ತಿಳಿಯದ್ದೇನೂ ಅಲ್ಲ. ನಮ್ಮ ಚಿಕ್ಕಮ್ಮನೊಬ್ಬರಿದ್ದರು. 1994ರ ಬೇಸಿಗೆಯಲ್ಲಿ ನಮ್ಮ ಮನೆಗೆ ಬಂದಿದ್ದಾಗ ಹಿತ್ತಿಲಿನಲ್ಲಿ ನನ್ನನ್ನು ಕರೆದು, ಕೆಳಗೆ ತಡೆಯಲಾರದ ತುರಿಕೆ, ಮೊಸರಿನ ಗಡ್ಡೆಯಂತೆ ಬಿಳುಪು ಹೋಗುತ್ತದೆ, ವರ್ಷದಿಂದ ಹೀಗೇ ಎಂದರು. ಮನೆಯ ಹೆಂಗಸರೆಲ್ಲ ಸೇರಿ "ಉಷ್ಣ" ಎಂದು ತೀರ್ಮಾನಿಸಿದೆವು. ಕಾಮಕಸ್ತೂರಿ ಬೀಜ, ಬಾರ್ಲಿ ನೀರು, ಎಳನೀರು, ಬೂದುಗುಂಬಳದ ರಸ ಎಲ್ಲವೂ ಆದವು. ವಿಜ್ಞಾನದ ಶಿಕ್ಷಕಿಯಾದ ನಾನೇ ಕಾಮಕಸ್ತೂರಿ ಬೀಜವನ್ನು ನೆನೆಹಾಕಿ ಬೆಲ್ಲದ ಪಾನಕದಲ್ಲಿ ಬೆರೆಸಿ ಕೊಟ್ಟೆ. ಅವರು ರಾತ್ರಿ ನಾಲ್ಕೈದು ಬಾರಿ ಮೂತ್ರಕ್ಕೆ ಏಳುತ್ತಿದ್ದುದನ್ನು ಕಂಡೂ ನನಗೆ ಹೊಳೆಯಲಿಲ್ಲ. ಎರಡು ವರ್ಷಗಳ ನಂತರ ಕಾಲಿನ ಗಾಯ ಮಾಯದೆ ಆಸ್ಪತ್ರೆಗೆ ಸೇರಿಸಿದಾಗ ಸಕ್ಕರೆ ಕಾಯಿಲೆ ಮಿತಿಮೀರಿದೆ ಎಂದು ತಿಳಿಯಿತು. ಎರಡು ಬೆರಳುಗಳನ್ನು ತೆಗೆಯಬೇಕಾಯಿತು. ಮತ್ತೆ ಮತ್ತೆ ಮರುಕಳಿಸುವ ಆ ತುರಿಕೆ ಸಕ್ಕರೆ ಕಾಯಿಲೆಯ ಮುನ್ಸೂಚನೆಯೂ ಆಗಿರಬಹುದು ಎಂದು ಆ ವೈದ್ಯರು ಹೇಳಿದಾಗ ನಾನು ತಲೆ ತಗ್ಗಿಸಿದೆ. ದೇಹ ಎರಡು ವರ್ಷ ಮೊದಲೇ ಗಂಟೆ ಬಾರಿಸಿತ್ತು. ನಾವದಕ್ಕೆ ಬೆಲ್ಲದ ಪಾನಕ ಕುಡಿಸಿದ್ದೆವು.

ಇರಲಿ. ಅಂದು ಬಿಟ್ಟ ಪಾಠವನ್ನು ಇಂದಾದರೂ ಮಾಡುತ್ತೇನೆ.

ಮೊದಲನೆಯದಾಗಿ, ಬಿಳಿ ಹೋಗುವುದೆಲ್ಲ ರೋಗವಲ್ಲ. ಕಣ್ಣು, ಮೂಗು, ಬಾಯಿಗಳು ತಮ್ಮನ್ನು ತಾವು ತೇವವಾಗಿ ಇಟ್ಟುಕೊಳ್ಳುವಂತೆ ಯೋನಿಯೂ ತನ್ನನ್ನು ತೇವವಾಗಿ, ಶುಚಿಯಾಗಿ ಇಟ್ಟುಕೊಳ್ಳುತ್ತದೆ. ಎರಡು ಮುಟ್ಟುಗಳ ನಡುವೆ ಅಂಡ ಬಿಡುಗಡೆಯಾಗುವ ದಿನಗಳಲ್ಲಿ ಮೊಟ್ಟೆಯ ಬಿಳಿಯಂತೆ ಎಳೆಯೆಳೆಯಾಗಿ ಹೋಗುವುದು, ಮುಟ್ಟಿಗೆ ಮುನ್ನ ಸ್ವಲ್ಪ ಗಟ್ಟಿಯಾಗುವುದು, ಗರ್ಭಿಣಿಯಲ್ಲಿ ಹೆಚ್ಚಾಗುವುದು, ಇವೆಲ್ಲ ಸಹಜ. ಅದರಿಂದ ಮೂಳೆ ಕರಗುವುದಿಲ್ಲ, ಸತ್ವ ಸೋರಿಹೋಗುವುದಿಲ್ಲ. ಬಣ್ಣ, ವಾಸನೆ, ಪ್ರಮಾಣಗಳು ತನ್ನ ಎಂದಿನ ರೀತಿಗಿಂತ ಬದಲಾದಾಗ, ಅಥವಾ ತುರಿಕೆ, ಉರಿ, ನೋವು ಕಾಣಿಸಿಕೊಂಡಾಗ ಮಾತ್ರ ಅದು ರೋಗದ ಲಕ್ಷಣ.

ಎರಡನೆಯದಾಗಿ, ಅಲ್ಲಿಯೂ ಒಂದು ಹೆಪ್ಪು ಇದೆ! ಹಾಲನ್ನು ಮೊಸರಾಗಿಸುವ ಬ್ಯಾಕ್ಟೀರಿಯಾಗಳ ಬಂಧುಗಳು ಆರೋಗ್ಯವಂತ ಹೆಂಗಸಿನ ಯೋನಿಯಲ್ಲಿ ನೆಲೆಸಿರುತ್ತವೆ. ಜರ್ಮನಿಯ ಆಲ್ಬರ್ಟ್ ಡೊಡರ್ಲೈನ್ ಎಂಬ ವೈದ್ಯರು 1892ರಲ್ಲಿ ಇವುಗಳನ್ನು ವಿವರಿಸಿದರು. ಲ್ಯಾಕ್ಟೋಬ್ಯಾಸಿಲಸ್ ಎಂದು ಇವುಗಳ ಹೆಸರು. ಅಲ್ಲಿನ ಒಳಪದರದಲ್ಲಿ ಸಂಗ್ರಹವಾಗುವ ಗ್ಲೈಕೋಜೆನ್ ಎಂಬ ಶರ್ಕರದಿಂದ ಬರುವ ಸಕ್ಕರೆಯನ್ನು ಇವು ಲ್ಯಾಕ್ಟಿಕ್ ಆಮ್ಲವಾಗಿ ಪರಿವರ್ತಿಸುತ್ತವೆ. ಹಾಗಾಗಿ ಅಲ್ಲಿನ ಪಿಹೆಚ್ ಸುಮಾರು 3.8ರಿಂದ 4.5ರಷ್ಟು, ಅಂದರೆ ಹುಳಿ ಮೊಸರಿನ ಆಸುಪಾಸಿನಲ್ಲಿ ಇರುತ್ತದೆ. ಪಿಹೆಚ್ 7 ತಟಸ್ಥ, ಅದಕ್ಕಿಂತ ಕಡಿಮೆಯಾದದ್ದು ಆಮ್ಲೀಯ, ಹೆಚ್ಚಾದದ್ದು ಪ್ರತ್ಯಾಮ್ಲೀಯ ಎಂಬ ಪಾಠ ನೆನಪಿದೆಯಲ್ಲವೇ? ಈ ಹುಳಿಯೇ ಕಾವಲುಗಾರ. ಅನೇಕ ಕೆಟ್ಟ ಬ್ಯಾಕ್ಟೀರಿಯಾಗಳು ಅದರಲ್ಲಿ ಬದುಕಲಾರವು. ಸ್ನಾನದ ಸಾಬೂನು ಪ್ರತ್ಯಾಮ್ಲೀಯ. ಒಳಗೆ ಸಾಬೂನನ್ನೋ ನಂಜುನಿರೋಧಕವನ್ನೋ ಹಾಕಿ ತೊಳೆಯುವವಳು ಶುಚಿಯ ಹೆಸರಿನಲ್ಲಿ ಕಾವಲುಗಾರನನ್ನೇ ಹೊರಗಟ್ಟುತ್ತಾಳೆ. ನನ್ನ ವಿದ್ಯಾರ್ಥಿನಿ ದಿನಕ್ಕೆರಡು ಬಾರಿ ಮಾಡುತ್ತಿದ್ದುದು ಇದನ್ನೇ. ಹಾಗೆಂದು ಅಡುಗೆಮನೆಯ ಮೊಸರನ್ನು ಅಲ್ಲಿ ಹಚ್ಚಲು ಹೋಗಬೇಡಿ. ಬಂಧುಗಳಾದರೂ ಅವು ಬೇರೆ ಜಾತಿಯವು.

ಮೂರನೆಯದಾಗಿ, ಬಿಳಿಸೆರಗು ಎಂದು ನಾವು ಒಂದೇ ಹೆಸರಿನಿಂದ ಕರೆಯುವುದರ ಹಿಂದೆ ಮುಖ್ಯವಾಗಿ ಮೂರು ಬೇರೆ ಬೇರೆ ಸೋಂಕುಗಳಿವೆ. ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ.

ಮೊದಲನೆಯದು ಬ್ಯಾಕ್ಟೀರಿಯಾ ಸಮತೋಲನ ತಪ್ಪಿ ಬರುವಂಥದು. ಬ್ಯಾಕ್ಟೀರಿಯಲ್ ವಜೈನೋಸಿಸ್ ಎನ್ನುತ್ತಾರೆ. ಒಳ್ಳೆಯ ಹೆಪ್ಪು ಕಡಿಮೆಯಾಗಿ, ಗಾರ್ಡ್ನರೆಲ್ಲಾ ಮುಂತಾದ ಬೇರೆ ಬ್ಯಾಕ್ಟೀರಿಯಾಗಳು ಹೆಚ್ಚುತ್ತವೆ. ಅಮೆರಿಕದ ಗಾರ್ಡ್ನರ್ ಮತ್ತು ಡ್ಯೂಕ್ಸ್ ಎಂಬುವರು 1955ರಲ್ಲಿ ಇದನ್ನು ವಿವರಿಸಿದರು. ಬೂದುಬಣ್ಣಕ್ಕೆ ತಿರುಗಿದ ತೆಳುವಾದ ಸ್ರಾವ, ಮೀನಿನಂಥ ವಾಸನೆ ಇದರ ಗುರುತು. ದಾಂಪತ್ಯದ ಸಂಪರ್ಕದ ನಂತರ ಮತ್ತು ಮುಟ್ಟಿನ ವೇಳೆಯಲ್ಲಿ ವಾಸನೆ ಹೆಚ್ಚುತ್ತದೆ. ತುರಿಕೆ ಅಷ್ಟಾಗಿ ಇರುವುದಿಲ್ಲ. ಅನೇಕರಿಗೆ ಯಾವ ಲಕ್ಷಣವೂ ಕಾಣುವುದಿಲ್ಲ.

ಎರಡನೆಯದು ಶಿಲೀಂಧ್ರದ ಸೋಂಕು. ಕ್ಯಾಂಡಿಡಾ ಎಂಬ ಯೀಸ್ಟು ಇದಕ್ಕೆ ಕಾರಣ. ಒಡೆದ ಮೊಸರಿನಂಥ ಗಟ್ಟಿ ಬಿಳುಪು, ಅಸಾಧ್ಯ ತುರಿಕೆ, ಮೂತ್ರ ತಾಗಿದಾಗ ಉರಿ, ಚರ್ಮ ಕೆಂಪಾಗುವುದು, ವಾಸನೆ ಇರುವುದಿಲ್ಲ. ಇದರಲ್ಲಿ ಪಿಹೆಚ್ ಸಾಮಾನ್ಯವಾಗಿ ಬದಲಾಗುವುದಿಲ್ಲ. ಜೀವಮಾನದಲ್ಲಿ ಒಮ್ಮೆಯಾದರೂ ಇದನ್ನು ಅನುಭವಿಸುವವರು ನಾಲ್ವರು ಹೆಂಗಸರಲ್ಲಿ ಮೂವರು ಎಂದು ವೈದ್ಯಗ್ರಂಥಗಳು ಹೇಳುತ್ತವೆ. ಬೇರಾವುದೋ ಕಾಯಿಲೆಗೆ ಆ್ಯಂಟಿಬಯಾಟಿಕ್ ನುಂಗಿದ ಮೇಲೆ, ಗರ್ಭಿಣಿಯರಲ್ಲಿ, ಸ್ಟಿರಾಯ್ಡ್ ಔಷಧಿ ತೆಗೆದುಕೊಳ್ಳುವವರಲ್ಲಿ, ಹತೋಟಿಯಲ್ಲಿರದ ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚು. ನಮ್ಮ ಚಿಕ್ಕಮ್ಮನಿಗಿದ್ದುದು ಇದೇ ಎಂದು ಈಗ ನನಗೆ ಅನ್ನಿಸುತ್ತದೆ.

ಮೂರನೆಯದು ಟ್ರೈಕೊಮೊನಾಸ್ ಎಂಬ ಏಕಕೋಶ ಜೀವಿಯದು. ಪ್ಯಾರಿಸ್ಸಿನ ಆಲ್‌ಫ್ರೆಡ್ ಡೊನ್ನೆ 1836ರಲ್ಲೇ ಸೂಕ್ಷ್ಮದರ್ಶಕದಲ್ಲಿ ಇದನ್ನು ಕಂಡಿದ್ದರು. ಹಳದಿ ಹಸಿರಾದ, ಕೆಲವೊಮ್ಮೆ ನೊರೆನೊರೆಯಾದ ಸ್ರಾವ ಇದರದು. ಇದು ದಾಂಪತ್ಯ ಸಂಪರ್ಕದಿಂದ ಹರಡುವಂಥದು. ಗಂಡಸಿನಲ್ಲಿ ಯಾವ ಲಕ್ಷಣವನ್ನೂ ತೋರದೆ ಅಡಗಿರಬಲ್ಲದು. ಆದ್ದರಿಂದ ಇಬ್ಬರಿಗೂ ಒಟ್ಟಿಗೆ ಚಿಕಿತ್ಸೆ ಬೇಕೇಬೇಕು.

ಮೂರಕ್ಕೂ ಔಷಧಿ ಬೇರೆ. ಶಿಲೀಂಧ್ರಕ್ಕೆ ಕ್ಲೋಟ್ರಿಮಜೋಲ್, ಫ್ಲುಕೊನಜೋಲ್ ಮುಂತಾದವು. ಉಳಿದೆರಡಕ್ಕೆ ಹೆಚ್ಚಾಗಿ ಮೆಟ್ರೊನಿಡಜೋಲ್ ಮತ್ತು ಅದರ ಬಳಗದವು. ಶಿಲೀಂಧ್ರದ ಮುಲಾಮನ್ನು ಎಷ್ಟು ಹಚ್ಚಿದರೂ ಬ್ಯಾಕ್ಟೀರಿಯಾ ಹೋಗದು. ಬ್ಯಾಕ್ಟೀರಿಯಾದ ಮಾತ್ರೆ ನುಂಗಿದರೆ ಶಿಲೀಂಧ್ರ ಇನ್ನಷ್ಟು ಕೆರಳಲೂಬಹುದು. ಔಷಧಿ ಅಂಗಡಿಯಲ್ಲಿ "ಬಿಳಿಸೆರಗಿಗೆ ಏನಾದರೂ ಕೊಡಿ" ಎಂದು ಗಂಡನ ಕೈಯಲ್ಲೋ ಮಗನ ಕೈಯಲ್ಲೋ ಚೀಟಿ ಕಳಿಸಿದರೆ ಏನು ಬಂದೀತು? ನಾಲ್ಕು ಔಷಧಿಗಳನ್ನು ಕಲಸಿದ ಟ್ಯೂಬು ಬರುತ್ತದೆ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಎರಡು ದಿನ ತುರಿಕೆ ಅಡಗಿ, ವಾಸಿಯಾಯಿತೆಂಬ ಭ್ರಮೆ ಹುಟ್ಟಿ, ತಿಂಗಳೊಳಗೆ ಎರಡು ಪಟ್ಟಾಗಿ ಮರಳುತ್ತದೆ. ಅಲ್ಲಿನ ಚರ್ಮವೂ ತೆಳುವಾಗುತ್ತದೆ.

ಪರೀಕ್ಷೆ ಎಂದೊಡನೆ ಸಾವಿರಾರು ರೂಪಾಯಿಯ ಯಂತ್ರಗಳನ್ನು ಊಹಿಸಿಕೊಳ್ಳಬೇಕಾಗಿಲ್ಲ. ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ನಿಂಬೆರಸ, ಸಾಬೂನಿನ ನೀರುಗಳಲ್ಲಿ ಅದ್ದಿ ನೋಡುತ್ತಿದ್ದಂಥ ಪಿಹೆಚ್ ಕಾಗದದ ಒಂದು ತುಂಡು, ಒಂದು ಗಾಜಿನ ಪಟ್ಟಿ, ಒಂದು ಸೂಕ್ಷ್ಮದರ್ಶಕ, ಒಂದು ಹನಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಇದ್ದರೆ ವೈದ್ಯರು ಬಹುಮಟ್ಟಿಗೆ ಹೇಳಬಲ್ಲರು. 1983ರಿಂದ ಬಳಕೆಯಲ್ಲಿರುವ ಆಮ್ಸೆಲ್ ಎಂಬುವರ ಕ್ರಮ ಇಷ್ಟೇ ಸಾಮಗ್ರಿಯದು. ಬೇಕಾಗಿರುವುದು ಐದು ನಿಮಿಷದ ಪರೀಕ್ಷೆ. ನೋಡದೆ ಕೇಳದೆ, ದೂರದಿಂದಲೇ ಚೀಟಿ ಬರೆದುಕೊಡುವ ವೈದ್ಯರನ್ನೂ ನಾನು ಕಂಡಿದ್ದೇನೆ. ಅಂಥಲ್ಲಿ "ಪರೀಕ್ಷೆ ಮಾಡಿ ನೋಡುತ್ತೀರಾ?" ಎಂದು ವಿನಯದಿಂದ ಕೇಳುವುದು ನಮ್ಮ ಹಕ್ಕು.

ಈಗ ನನ್ನ ವಿದ್ಯಾರ್ಥಿನಿಯ ಮಾತಿಗೆ ಬರೋಣ. ತಜ್ಞೆ ಪರೀಕ್ಷಿಸಿ ಇದು ಬ್ಯಾಕ್ಟೀರಿಯಲ್ ವಜೈನೋಸಿಸ್ ಎಂದರು. ತೊಳೆಯುವುದನ್ನು ನಿಲ್ಲಿಸಿ ಏಳು ದಿನ ಮಾತ್ರೆ ತೆಗೆದುಕೊಂಡಳು. ನಾಲಿಗೆಯಲ್ಲಿ ಲೋಹದ ರುಚಿ ಬಂದು ಊಟ ಸೇರದಿದ್ದರೂ ಬಿಡದೆ ಮುಗಿಸಿದಳು. ವಾಸಿಯಾಯಿತು. ಆರು ವಾರಗಳಿಗೆ ಮರಳಿ ಬಂದಿತು. ಮತ್ತೆ ಅಳುತ್ತಾ ಫೋನು ಮಾಡಿದಳು. ಈ ಸೋಂಕಿನ ಸ್ವಭಾವವೇ ಹಾಗೆ. ವಾಸಿಯಾದ ಹೆಂಗಸರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ವರ್ಷದೊಳಗೆ ಮರುಕಳಿಸುತ್ತದೆ. ಈ ಬಾರಿ ವೈದ್ಯೆ ಗಂಡನನ್ನೂ ಕರೆತರಲು ಹೇಳಿದರಂತೆ.

ಅದಕ್ಕೊಂದು ಕಾರಣವಿದೆ. ಈ ಕಾಯಿಲೆಯಲ್ಲಿ ಗಂಡನಿಗೆ ಚಿಕಿತ್ಸೆ ಬೇಕಿಲ್ಲವೆಂದೇ ದಶಕಗಳ ಕಾಲ ವೈದ್ಯರು ಹೇಳುತ್ತಿದ್ದರು. 2025ರ ಮಾರ್ಚ್ ತಿಂಗಳಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನಿನ ಸಂಶೋಧಕರು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. 164 ಜೋಡಿಗಳನ್ನು ಎರಡು ಗುಂಪು ಮಾಡಿ, ಒಂದರಲ್ಲಿ ಹೆಂಗಸರಿಗೆ ಮಾತ್ರ, ಇನ್ನೊಂದರಲ್ಲಿ ಗಂಡಸರಿಗೂ ಏಳು ದಿನ ಮಾತ್ರೆ ಮತ್ತು ಹಚ್ಚುವ ಕ್ರೀಮು ಕೊಟ್ಟರು. ಹನ್ನೆರಡು ವಾರಗಳಲ್ಲಿ, ಹೆಂಗಸರಿಗೆ ಮಾತ್ರ ಚಿಕಿತ್ಸೆಯಾದ ಗುಂಪಿನಲ್ಲಿ ನೂರಕ್ಕೆ 63 ಮಂದಿಗೆ ಮರುಕಳಿಸಿತು. ಇಬ್ಬರಿಗೂ ಚಿಕಿತ್ಸೆಯಾದ ಗುಂಪಿನಲ್ಲಿ 35 ಮಂದಿಗೆ. ವ್ಯತ್ಯಾಸ ಅಷ್ಟು ಸ್ಪಷ್ಟವಾಗಿದ್ದುದರಿಂದ ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಿದರು.

"ಇದು ಎಲ್ಲಿಂದ ಬಂತು?" ಎಂದು ಕೇಳಿದ್ದ ಆ ಗಂಡ ಆಸ್ಪತ್ರೆಯಲ್ಲಿ ಏನು ಹೇಳಿದನೋ ನಾನು ಕೇಳಲಿಲ್ಲ. ಆದರೆ ಅವನೂ ಏಳು ದಿನ ಮಾತ್ರೆ ನುಂಗಿದ, ಕ್ರೀಮು ಹಚ್ಚಿಕೊಂಡ. ಇದು ಯಾರದೋ ನಡತೆಯ ಪ್ರಶ್ನೆಯಲ್ಲ, ಒಂದೇ ಮನೆಯಲ್ಲಿ ಬಾಳುವ ಇಬ್ಬರ ನಡುವೆ ಬ್ಯಾಕ್ಟೀರಿಯಾಗಳು ಅತ್ತಿಂದಿತ್ತ ಓಡಾಡಿದ್ದು ಎಂದು ವೈದ್ಯೆ ಅವನಿಗೆ ಬಿಡಿಸಿ ಹೇಳಿದರಂತೆ. ಇದನ್ನು ಬರೆಯುವ ಹೊತ್ತಿಗೆ ಅವಳು ಚೆನ್ನಾಗಿದ್ದಾಳೆ. ಈ ಲೇಖನವನ್ನು ಗಂಡಸರೂ ಓದಬೇಕು ಎಂದು ನಾನು ಒತ್ತಾಯಿಸುವುದು ಇದಕ್ಕಾಗಿಯೇ. ಹೆಂಡತಿಗೆ ಬಂದ ಸೋಂಕು ಅವಳ ಶೀಲದ ಪ್ರಮಾಣಪತ್ರವಲ್ಲ. ಮದುವೆಯ ಹೊಸತರಲ್ಲಿ, ಹೆರಿಗೆಯ ನಂತರ, ಆ್ಯಂಟಿಬಯಾಟಿಕ್ ನಂತರ, ಸಕ್ಕರೆ ಕಾಯಿಲೆಯಲ್ಲಿ ಯಾವ ಗರತಿಗೂ ಇದು ಬರಬಹುದು. ಅನುಮಾನಿಸಿದ ಗಂಡನಿಗೂ ಮೌನವಾಗಿದ್ದ ಹೆಂಡತಿಗೂ ಮಾತು ಕಲಿಸಬೇಕಾಗಿದ್ದವರು ನಾವು, ಶಿಕ್ಷಕರು.

ನಮ್ಮ ಮೌನ ಎಷ್ಟು ದೊಡ್ಡದು ಎಂಬುದಕ್ಕೆ ಒಂದು ಲೆಕ್ಕವಿದೆ. ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯಲ್ಲಿ ವೈದ್ಯ ದಂಪತಿಗಳಾದ ರಾಣಿ ಬಂಗ್ ಮತ್ತು ಅಭಯ ಬಂಗ್ ಅವರು ಎರಡು ಹಳ್ಳಿಗಳ 650 ಹೆಂಗಸರನ್ನು ಪರೀಕ್ಷಿಸಿ 1989ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ನೂರಕ್ಕೆ 92 ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗವಿತ್ತು. ಅದಕ್ಕೆ ಮುಂಚೆ ಎಂದಾದರೂ ಅದರ ಪರೀಕ್ಷೆ ಮಾಡಿಸಿಕೊಂಡಿದ್ದವರು ನೂರಕ್ಕೆ 8 ಮಂದಿ ಮಾತ್ರ. ಇನ್ನೊಂದು ಬದಿಯೂ ಇದೆ. ಗೋವೆಯಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಸುಮಾರು ಎರಡೂವರೆ ಸಾವಿರ ಹೆಂಗಸರನ್ನು ಅಧ್ಯಯನ ಮಾಡಿ 2005ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಬಿಳಿ ಹೋಗುತ್ತದೆ ಎಂಬ ದೂರಿಗೆ ಸೋಂಕಿಗಿಂತಲೂ ಮನಸ್ಸಿನ ಬೇಗುದಿಯ ನಂಟೇ ಗಾಢವಾಗಿದ್ದುದನ್ನು ತೋರಿಸಿದರು. ರೋಗವಿದ್ದವಳು ಬಾಯಿ ಬಿಡುವುದಿಲ್ಲ. ಮನಸ್ಸಿನಲ್ಲಿ ನೊಂದವಳಿಗೆ ಹೇಳಿಕೊಳ್ಳಲು ಬಿಳಿಸೆರಗಿನ ಹೊರತು ಬೇರೆ ಮಾತು ಸಿಗುವುದಿಲ್ಲ. ಎರಡಕ್ಕೂ ಕೇಳುವ ಕಿವಿ ಬೇಕು.

"ಇಂಥದನ್ನೆಲ್ಲ ನಾಲ್ಕು ಜನರ ಮುಂದೆ ಹೇಳುವುದು ನಮ್ಮ ಸಂಸ್ಕೃತಿಯೇ?" ಎನ್ನುವವರಿಗೆ ನಾನು ಡಾ. ಅನುಪಮಾ ನಿರಂಜನ ಅವರನ್ನು ನೆನಪಿಸುತ್ತೇನೆ. 1991ರಲ್ಲಿ ತೀರಿಕೊಂಡ ಆ ಮಹಾತಾಯಿ 'ಸ್ತ್ರೀ ಸ್ವಾಸ್ಥ್ಯ ಸಂಹಿತೆ', 'ವಧುವಿಗೆ ಕಿವಿಮಾತು'ಗಳಂಥ ಪುಸ್ತಕಗಳನ್ನು ಅಚ್ಚಕನ್ನಡದಲ್ಲಿ, ಸಂಕೋಚವಿಲ್ಲದೆ, ಅಶ್ಲೀಲತೆಯ ಸೋಂಕಿಲ್ಲದೆ ಬರೆದಿದ್ದರು. ನಮ್ಮ ಕಾಲದ ಎಷ್ಟೋ ಮನೆಗಳಲ್ಲಿ ಅವು ಬೀರುವಿನಲ್ಲಿ ಸೀರೆಗಳ ಅಡಿಯಲ್ಲಿ ಇರುತ್ತಿದ್ದವು. ನಮ್ಮ ಮನೆಯಲ್ಲೂ ಹಾಗೆಯೇ ಇತ್ತು. ಸೀರೆಯ ಅಡಿಯಿಂದ ಅದನ್ನು ತೆಗೆದು ಮೇಜಿನ ಮೇಲಿಡುವ ಧೈರ್ಯ ನನಗಿರಲಿಲ್ಲ. ಕನ್ನಡದಲ್ಲಿ ಮಾತುಗಳಿಲ್ಲ ಎಂಬುದು ನೆಪ.

ಇನ್ನು ಕೆಲವು ಕಿವಿಮಾತುಗಳು. ಇವು ವೈದ್ಯರ ಸಲಹೆಗೆ ಬದಲಿಯಲ್ಲ. ವೈದ್ಯರ ಬಳಿಗೆ ಹೋಗುವ ದಾರಿ ಮಾತ್ರ.

ಒಂದು: ಹೊರಭಾಗವನ್ನು ದಿನಕ್ಕೊಮ್ಮೆ ಬರಿಯ ನೀರಿನಲ್ಲಿ ತೊಳೆದರೆ ಸಾಕು. ಒಳಗೆ ಏನನ್ನೂ ಹಾಕಿ ತೊಳೆಯಬೇಡಿ. ಸುವಾಸನೆಯ ದ್ರಾವಣಗಳು, ಜಾಹೀರಾತಿನಲ್ಲಿ ಬರುವ ವಿಶೇಷ ಸಾಬೂನುಗಳು ಬೇಕಿಲ್ಲ.

ಎರಡು: ಹತ್ತಿಯ ಒಳಉಡುಪು ಧರಿಸಿ. ಸೀರೆಯ ಕೆಳಗೆ, ಬಚ್ಚಲಿನ ಕತ್ತಲೆಯಲ್ಲಿ ಬಚ್ಚಿಟ್ಟು ಒಣಗಿಸುವ ಸಂಪ್ರದಾಯ ಬಿಟ್ಟು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ. ಒದ್ದೆಯಲ್ಲಿ ಶಿಲೀಂಧ್ರ ಬೆಳೆಯುತ್ತದೆ ಎಂಬುದಕ್ಕೆ ಮಳೆಗಾಲದ ರೊಟ್ಟಿಯೇ ಸಾಕ್ಷಿ.

ಮೂರು: ಮೊದಲ ಬಾರಿಗೆ ತೊಂದರೆ ಕಾಣಿಸಿದಾಗ ಊಹೆಯ ಔಷಧಿ ಬೇಡ, ಪರೀಕ್ಷೆ ಮಾಡಿಸಿ. ಕೊಟ್ಟ ಔಷಧಿಯನ್ನು ಎರಡು ದಿನಕ್ಕೆ ಬಿಡದೆ ಪೂರ್ತಿ ತೆಗೆದುಕೊಳ್ಳಿ. ಪಕ್ಕದ ಮನೆಯವಳ ಚೀಟಿ ತೋರಿಸಿ ಮಾತ್ರೆ ತರಬೇಡಿ.

ನಾಲ್ಕು: ವರ್ಷಕ್ಕೆ ಮೂರು ನಾಲ್ಕು ಬಾರಿ ಶಿಲೀಂಧ್ರ ಮರುಕಳಿಸಿದರೆ ರಕ್ತದ ಸಕ್ಕರೆ ಪರೀಕ್ಷಿಸಿ. ನಮ್ಮ ಚಿಕ್ಕಮ್ಮನಿಗಾಗಿ ಈ ಒಂದು ಮಾತನ್ನಾದರೂ ನೆನಪಿಡಿ.

ಐದು: ನನ್ನ ವಯಸ್ಸಿನವರಿಗೆ ಒಂದು ಮುಖ್ಯ ವಿಷಯ. ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್‌ನಂಥ ಮಾತ್ರೆಗಳನ್ನು ಈಗ ಬಹಳ ಮಂದಿ ನುಂಗುತ್ತಿದ್ದಾರೆ. ಹೃದಯಕ್ಕೂ ಮೂತ್ರಪಿಂಡಕ್ಕೂ ಒಳ್ಳೆಯ ಔಷಧಿಗಳೇ. ಆದರೆ ಇವುಗಳಿಂದ ಗುಪ್ತಾಂಗದ ಶಿಲೀಂಧ್ರ ಸೋಂಕು ಹೆಚ್ಚುತ್ತದೆ. ನನಗೇ ಆಯಿತು. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸದೆ, ನಾಚಿಕೊಳ್ಳದೆ ವೈದ್ಯರಿಗೆ ತಿಳಿಸಿ. ನಮ್ಮ ವೈದ್ಯರು ಗಂಡಸು, ನನ್ನ ಮಗನ ವಯಸ್ಸಿನವರು. ಎರಡು ವಾರ ಹೇಳಲಾಗದೆ ಒದ್ದಾಡಿ ಕೊನೆಗೆ ಹೇಳಿದೆ. ಅವರು ಎರಡು ನಿಮಿಷದಲ್ಲಿ ಸಮಸ್ಯೆ ಬಗೆಹರಿಸಿದರು.

ಆರು: ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಕಡಿಮೆಯಾಗಿ ಆ ಹೆಪ್ಪೂ ಕಡಿಮೆಯಾಗುತ್ತದೆ, ಒಣಗುವಿಕೆ, ಉರಿ ಬರುತ್ತವೆ. ಇದು ಸೋಂಕಲ್ಲ, ಇದಕ್ಕೆ ಬೇರೆ ಚಿಕಿತ್ಸೆಯಿದೆ. ಆದರೆ ಮುಟ್ಟು ನಿಂತವರಲ್ಲಿ ರಕ್ತದ ಕಲೆ ಕಂಡರೆ, ಅಥವಾ ಸಂಪರ್ಕದ ನಂತರ ರಕ್ತ ಕಂಡರೆ ಒಂದು ದಿನವೂ ತಡಮಾಡಬೇಡಿ. ಗರ್ಭಕೋಶದ, ಗರ್ಭಕಂಠದ ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಏಳು: ಜ್ವರ, ಕಿಬ್ಬೊಟ್ಟೆ ನೋವು, ಹುಣ್ಣು, ಹೆರಿಗೆ ಅಥವಾ ಗರ್ಭಪಾತದ ನಂತರ ದುರ್ವಾಸನೆಯ ಸ್ರಾವ, ಇವು ಇದ್ದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಗರ್ಭಿಣಿಯರು ಯಾವ ಔಷಧಿಯನ್ನೂ ಕೇಳದೆ ತೆಗೆದುಕೊಳ್ಳಬಾರದು. ಬ್ಯಾಕ್ಟೀರಿಯಲ್ ವಜೈನೋಸಿಸ್‌ಗೂ ಅವಧಿಗೆ ಮುನ್ನ ಆಗುವ ಹೆರಿಗೆಗೂ ಸಂಬಂಧವಿದೆ. ಇನ್ನೂ ಮೈನೆರೆಯದ ಮಗುವಿನಲ್ಲಿ ಸ್ರಾವ ಕಂಡರೆ ಗದರಿಸದೆ ವೈದ್ಯರಿಗೆ ತೋರಿಸಿ, ಮಗುವಿನ ಮಾತನ್ನು ಸಮಾಧಾನದಿಂದ ಕೇಳಿ.

ಹದಿಹರೆಯದ ಮಕ್ಕಳಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ 'ಸ್ನೇಹ ಕ್ಲಿನಿಕ್' ಎಂಬ ವ್ಯವಸ್ಥೆಯಿದೆ. ಮೊಮ್ಮಕ್ಕಳಿರುವವರು ಅವರ ಕಿವಿಗೆ ಈ ಹೆಸರನ್ನು ಹಾಕಿಡಿ. ಈಗ ಶಾಲೆಗಳಲ್ಲಿರುವ ನನ್ನ ವಿದ್ಯಾರ್ಥಿ ಶಿಕ್ಷಕ ಶಿಕ್ಷಕಿಯರಿಗೆ ಒಂದು ಬೇಡಿಕೆ. ಆ ಪಾಠ ಬಂದಾಗ ಪುಟ ತಿರುಗಿಸಬೇಡಿ. ಹುಡುಗರು ನಕ್ಕರೆ ನಗಲಿ. ಎರಡು ನಿಮಿಷದ ನಗು ತಾನಾಗಿ ನಿಲ್ಲುತ್ತದೆ. ನಿಂತ ಮೇಲೆ ಅವರೂ ಕೇಳುತ್ತಾರೆ. ನಾಳೆ ಗಂಡಂದಿರಾಗುವವರು ಅವರೇ ಅಲ್ಲವೇ?

ನನಗೆ ಆ ತರಗತಿಗೆ ಮರಳಲು ಸಾಧ್ಯವಿಲ್ಲ. ಅಂದು ತಲೆ ತಗ್ಗಿಸಿ ಕುಳಿತಿದ್ದ ಹುಡುಗಿಯರೆಲ್ಲ ಇಂದು ನಲವತ್ತು ಐವತ್ತರ ಗೃಹಿಣಿಯರು. ಅವರಲ್ಲಿ ಕೆಲವರಾದರೂ ಇದನ್ನು ಓದುತ್ತೀರಿ. ಓದಿದ ಮೇಲೆ ನಿಮ್ಮ ಮಗಳಿಗೆ, ಸೊಸೆಗೆ, ಸಾಧ್ಯವಾದರೆ ಮಗನಿಗೂ ಇದನ್ನು ಬಾಯಿಬಿಟ್ಟು ಹೇಳಿರಿ. ಈ ಬಾರಿ ಮಾತ್ರ 'ಮನೆಯಲ್ಲಿ ಓದಿಕೊಳ್ಳಿ' ಎಂದು ಬಿಡಬೇಡಿ.